ಕಪಾಟಿನ ಮೇಲಿನ ಸವತಿ

ನಮ್ಮ ಊರಿನ ನೆನಪಿನ ತೋಪನ್ನು ನೋಡಲು ಈಗ ಬೇರೆ ಊರುಗಳಿಂದ ಜನ ಬರುತ್ತಾರೆ. ಒಂದು ಹಿಡಿ ಸಿಮೆಂಟು ಇಲ್ಲದೆ, ಒಂದು ಕಲ್ಲು ನೆಡದೆ, ಸತ್ತವರಿಗಾಗಿ ಇಷ್ಟು ತಂಪಾದ ಜಾಗ ಮಾಡಿದವರು ಯಾರು, ಎಂಥ ದೊಡ್ಡ ಮನಸ್ಸು ಎಂದು ಕೇಳುತ್ತಾರೆ. ಮಾಡಿದವಳು ನನ್ನ ಅತ್ತಿಗೆ. ಅವಳ ಮನಸ್ಸು ದೊಡ್ಡದೋ ಚಿಕ್ಕದೋ, ಅದರ ತಂಟೆ ನನಗೆ ಬೇಡ. ಆದರೆ ಆ ತೋಪು ಹುಟ್ಟಿದ್ದು ಹೊಟ್ಟೆಕಿಚ್ಚಿನಿಂದ ಎಂಬುದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಆ ಕಿಚ್ಚು ಉರಿದದ್ದು ನಮ್ಮ ಮನೆಯಲ್ಲೇ.

ಅತ್ತಿಗೆ ಎಂದು ಕರೆದರೂ ಅವಳು ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಾಗಾಗಿ ನಾನು ಅವಳನ್ನು ನೀನು ಎನ್ನುತ್ತೇನೆ, ಅವಳು ನನ್ನನ್ನು ಅಕ್ಕ, ನೀವು ಎನ್ನುತ್ತಾಳೆ. ನಗರಸಭೆಯ ಉದ್ಯಾನ ವಿಭಾಗದಲ್ಲಿ ನಕ್ಷೆ ಹಾಕುವ ಕೆಲಸ ಅವಳದು. ಯಾವ ಪಾರ್ಕಿನಲ್ಲಿ ಯಾವ ಗಿಡ, ಎಲ್ಲಿ ದಾರಿ, ಮಳೆ ನೀರು ಯಾವ ಕಡೆ ಹರಿಯಬೇಕು ಎಂದು ಗೆರೆ ಎಳೆಯುವವಳು ಅವಳೇ. ಸೊಂಟದಲ್ಲಿ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡಿರುತ್ತಾಳೆ. ಕೆಲಸದವರು ಅವಳನ್ನು ಟೇಪಕ್ಕ ಎಂದೇ ಕರೆಯುವುದು. ಮದುವೆಯಾಗಿ ನಮ್ಮ ಮನೆಗೆ ಬಂದ ವಾರದಲ್ಲೇ ಕಿಟಕಿ, ಬಾಗಿಲು, ಮಂಚ, ಅಡುಗೆಮನೆಯ ಕಟ್ಟೆ ಎಲ್ಲವನ್ನೂ ಅಳೆದಳು. ಯಾಕೆ ಎಂದು ಕೇಳಿದೆ.

"ಸುಮ್ನೆ ಅಕ್ಕ. ಈ ಮನೇಲಿ ನಂದು ಅನ್ನೋದು ಎಲ್ಲೆಲ್ಲಿದೆ ಅಂತ ನೋಡೋಕೆ" ಎಂದಳು.

ಅಳೆದು ಮುಗಿದರೂ ಅಂಥದ್ದೇನೂ ಸಿಗಲಿಲ್ಲ. ಯಾಕೆಂದರೆ ಆ ಮನೆಯ ಒಂದೊಂದು ಬಟ್ಟೆಯೂ ದೊಡ್ಡತ್ತಿಗೆ ಹೊಲಿದದ್ದು. ದೊಡ್ಡತ್ತಿಗೆ ಎಂದರೆ ಅಣ್ಣನ ಮೊದಲ ಹೆಂಡತಿ. ಅಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಅವಳು ಟೈಲರ್. ಅವಳ ಅಂಗಡಿಯ ಯಂತ್ರ ಒಮ್ಮೆ ಕೆಟ್ಟಿತು, ಇವನು ಹೋಗಿ ಸರಿ ಮಾಡಿದ, ಆಮೇಲೆ ಅದು ವಾರ ವಾರ ಕೆಡತೊಡಗಿತು, ಕೊನೆಗೆ ಮದುವೆಯಾಗುವವರೆಗೂ ಅದು ಸರಿಹೋಗಲಿಲ್ಲ. ಕಾಯಿಲೆ ಬಿದ್ದು ಅವಳು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅಣ್ಣ ಇವಳನ್ನು ಮದುವೆಯಾದ. ಪರದೆ, ದಿಂಬಿನ ಚೀಲ, ಫ್ರಿಜ್ಜಿನ ಹೊದಿಕೆ, ಮಿಕ್ಸಿಯ ಗವಸು, ಎಲ್ಲ ಹಾಗೇ ಇದ್ದವು. ಹರಿದರೆ ಬದಲಾಯಿಸಬಹುದು, ಆದರೆ ದೊಡ್ಡತ್ತಿಗೆಯ ಹೊಲಿಗೆ ಬಿಡುವಂಥದ್ದಲ್ಲ. ಅತ್ತಿಗೆ ಅವನ್ನು ವಾರಕ್ಕೆರಡು ಸಲ ಗಟ್ಟಿ ಬ್ರಷ್ ಹಾಕಿ ಉಜ್ಜಿ ಉಜ್ಜಿ ಒಗೆಯುತ್ತಿದ್ದಳು. ಎಷ್ಟು ಶುಚಿ ನೋಡು ಎಂದು ಅಣ್ಣ ನನ್ನ ಮುಂದೆ ಹೊಗಳಿದ. ಅದು ಶುಚಿಯಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಗಂಡಸರಿಗೆ ಎಷ್ಟು ಬಿಡಿಸಿ ಹೇಳುವುದು.

ಬಟ್ಟೆಯ ಮಾತು ಹೋಗಲಿ. ಮಲಗುವ ಕೋಣೆಯ ಕಪಾಟಿನ ಮೇಲೆ ಒಂದು ಮಣ್ಣಿನ ಕುಡಿಕೆ ಇತ್ತು, ಅದರ ಬಾಯಿಗೆ ನೀಲಿ ಬಟ್ಟೆ ಕಟ್ಟಿತ್ತು. ದೊಡ್ಡತ್ತಿಗೆಯ ಬೂದಿ ಅದರೊಳಗಿತ್ತು. ಊರಾಚೆಯ ಹಳೆಯ ಸ್ಮಶಾನದಲ್ಲಿ ಒಂದಕ್ಕೊಂದು ಅಂಟಿಕೊಂಡ ಸಮಾಧಿ ಕಟ್ಟೆಗಳೇ ಹೊರತು ಹುಲ್ಲುಕಡ್ಡಿ ಮೊಳೆಯಲೂ ಜಾಗವಿಲ್ಲ. "ಸಿಮೆಂಟಿನ ಕೆಳಗೆ ಅವಳನ್ನ ಹಾಕೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದ ಅಣ್ಣ. ಹೊಳೆಗೆ ಬಿಡು ಎಂದರೆ "ಎಲ್ಲಿಗೆ ಹೋಗ್ತಾಳೋ ಏನೋ" ಎಂದ. ಹೀಗಾಗಿ ಅವಳು ಎಲ್ಲಿಗೂ ಹೋಗದೆ ಕಪಾಟಿನ ಮೇಲೆಯೇ ಉಳಿದಳು. ಅದರ ಕೆಳಗಿನ ಮಂಚದ ಮೇಲೆ ಹೊಸ ಹೆಂಡತಿ ಆರು ವರ್ಷ ಮಲಗಿದಳು.

ಸವತಿ ಮಣ್ಣಿನವಳಾದರೂ ಸವತಿಯೇ ಎಂದು ನಮ್ಮಮ್ಮ ಹೇಳುತ್ತಿದ್ದಳು. ನನ್ನನ್ನು ಕೇಳಿದರೆ ಮಣ್ಣಿನವಳೇ ಹೆಚ್ಚು ಕಷ್ಟ. ಜೀವ ಇರುವವಳಾದರೆ ಜುಟ್ಟು ಹಿಡಿದು ಜಗಳವಾಡಬಹುದು, ಅವಳಿಗೂ ಮುಪ್ಪು ಬರುತ್ತದೆ, ಅವಳೂ ಒಂದು ದಿನ ಅಡುಗೆ ಸೀಯಿಸುತ್ತಾಳೆ. ಸತ್ತ ಎಮ್ಮೆಗೆ ಹಾಲು ಹೆಚ್ಚು ಎನ್ನುತ್ತಾರಲ್ಲ, ಹಾಗೆ ಅಣ್ಣನ ಬಾಯಲ್ಲಿ ದೊಡ್ಡತ್ತಿಗೆಯ ಚಹಾ ಕೂಡ ವರ್ಷದಿಂದ ವರ್ಷಕ್ಕೆ ರುಚಿಯಾಗುತ್ತಾ ಹೋಯಿತು. ನಾನು ಕುಡಿದವಳು, ಕಲಗಚ್ಚಿನ ಹಾಗಿರುತ್ತಿತ್ತು. ಹಾಗೆಂದು ಅತ್ತಿಗೆಗೆ ಹೇಳಿಯೂ ಹೇಳಿದೆ. ಅವಳು ನಂಬಲಿಲ್ಲ.

ನಗರಸಭೆಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ನಕ್ಷೆಗಳ ಪ್ರತಿ ತೆಗೆಸಲು ಬಂದಾಗಲೆಲ್ಲ ಅವಳು ಸ್ಟೂಲಿನ ಮೇಲೆ ಕೂತು ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಹಾಕುತ್ತಿದ್ದಳು.

"ಅಕ್ಕ, ಅವರು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮೊದಲು ಎಲ್ಲಿ ನೋಡ್ತಾರೆ ಗೊತ್ತಾ? ಮೇಲೆ. ಆಮೇಲೆ ನನ್ನ ಕಡೆ."

"ಎದ್ದ ಕೂಡಲೇ ಯಾರಾದ್ರೂ ಮೇಲೇನೇ ನೋಡೋದು. ಫ್ಯಾನ್ ನೋಡ್ತಿರ್ತಾನೆ ಬಿಡು."

"ಫ್ಯಾನ್ ಮಧ್ಯದಲ್ಲಿದೆ ಅಕ್ಕ. ಕಪಾಟು ಎಡಗಡೆ ಇರೋದು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅವಳನ್ನು ಗದರಿಕೊಂಡೆ. ಆದರೆ ಆಮೇಲೆ ಒಂದು ಬೆಳಿಗ್ಗೆ ಬೇಕೆಂದೇ ಅವರ ಕೋಣೆಯ ಬಾಗಿಲಲ್ಲಿ ನಿಂತು ಅಣ್ಣನನ್ನು ಎಬ್ಬಿಸಿದೆ. ಅವನು ನೋಡಿದ್ದು ಎಡಗಡೆಗೇ.

ಆ ವರ್ಷ ಊರಂಚಿನ ಹಳೆಯ ಇಟ್ಟಿಗೆ ಭಟ್ಟಿಯ ಜಾಗ ನಗರಸಭೆಯ ಕೈಗೆ ಬಂತು. ಮಣ್ಣು ತೆಗೆದು ತೆಗೆದು ಬಿಟ್ಟುಹೋದ ದೊಡ್ಡ ಹಳ್ಳ, ಸುತ್ತ ಒಡೆದ ಇಟ್ಟಿಗೆಯ ಗುಡ್ಡೆ. ಸ್ಮಶಾನ ತುಂಬಿದೆ, ಇಲ್ಲೇನಾದರೂ ಮಾಡಬಹುದೇ ನೋಡಿ ಎಂದು ಅಧ್ಯಕ್ಷರು ಉದ್ಯಾನ ವಿಭಾಗಕ್ಕೆ ಹೇಳಿದರು. ಬೇರೆ ಕೆಲಸಕ್ಕಾದರೆ ತಿಂಗಳು ತೆಗೆದುಕೊಳ್ಳುವ ಅತ್ತಿಗೆ ಒಂದೇ ವಾರದಲ್ಲಿ ನಕ್ಷೆ ಮುಗಿಸಿ ನನ್ನ ಅಂಗಡಿಗೆ ತಂದಳು. ಹಳ್ಳದ ತಳದಲ್ಲಿ ಮಳೆ ನೀರು ನಿಲ್ಲುವ ಕೊಳ. ಒಡೆದ ಇಟ್ಟಿಗೆಯನ್ನೇ ಹಾಸಿದ ದಾರಿಗಳು. ಒಬ್ಬೊಬ್ಬರ ಬೂದಿಗೆ ಒಂದೊಂದು ಗಿಡ. ಬೂದಿಯನ್ನು ಹಾಗೇ ಬುಡಕ್ಕೆ ಸುರಿದರೆ ಎಳೆ ಬೇರು ಸುಟ್ಟುಹೋಗುತ್ತದಂತೆ, ಅದಕ್ಕಾಗಿ ಎಲೆಗೊಬ್ಬರ, ಮಣ್ಣು ಬೆರೆಸಿ ಒಂದಷ್ಟು ದಿನ ಮಾಗಿಸಿ ಆಮೇಲೆ ಗಿಡ ನೆಡಬೇಕು. ಅದನ್ನೆಲ್ಲ ಮೂಲೆಯಲ್ಲಿ ಚಿತ್ರ ಬರೆದು ವಿವರಿಸಿದ್ದಳು.

"ಇದು ಊರಿಗೋ, ಕಪಾಟಿಗೋ?" ಎಂದು ಕೇಳಿದೆ.

"ಊರಿಗೆ. ಊರಿನವರಲ್ಲಿ ಅವಳೂ ಒಬ್ಬಳು" ಎಂದಳು.

ನಗರಸಭೆಯ ಸಭೆಗೆ ಪ್ರತಿಗಳನ್ನು ಹೊತ್ತು ನಾನೂ ಹೋಗಿ ಹಿಂದೆ ನಿಂತಿದ್ದೆ. ಸದಸ್ಯರಲ್ಲಿ ಒಬ್ಬರಿಗೆ ಗ್ರಾನೈಟ್ ವ್ಯಾಪಾರ. "ಒಂದು ಚಿಕ್ಕ ಕಲ್ಲು, ಅದರ ಮೇಲೊಂದು ಹೆಸರು, ಅಷ್ಟೂ ಬೇಡ ಅಂದ್ರೆ ಹೇಗಮ್ಮ?" ಎಂದು ಅವರು ಎದ್ದರು.

"ಮರ ಗೊತ್ತಿರೋರಿಗೆ ಹೆಸರು ಬೇಕಿಲ್ಲ ಸರ್. ಮರ ಗೊತ್ತಿಲ್ಲದೋರಿಗೆ ಹೆಸರು ಓದಿ ಏನಾಗ್ಬೇಕು" ಎಂದಳು ಅತ್ತಿಗೆ. ಸಭೆ ತಲೆದೂಗಿತು. ಅವಳಿಗೆ ನಿಜವಾಗಿ ಬೇಡವಾಗಿದ್ದದ್ದು ಆ ಹೆಸರಿನ ಕೆಳಗೆ ಜನ ಕೆತ್ತಿಸುವ 'ಪ್ರೀತಿಯ ಪತ್ನಿ' ಎಂಬ ಎರಡು ಪದ. ಕಲ್ಲಿನಲ್ಲಿ ಒಮ್ಮೆ ಕೆತ್ತಿದರೆ ಅದನ್ನು ಯಾವ ಬ್ರಷ್ ಹಾಕಿ ಉಜ್ಜುವುದು?

ದೀಪದ ಕಂಬ ಬೇಡ, ರಾತ್ರಿ ಹಾರುವ ಹುಳ ಹಕ್ಕಿಗಳಿಗೆ ಕತ್ತಲೆ ಬೇಕು ಎಂದಳು. ಅದು ನಿಜವೇ. ಕತ್ತಲಾದರೆ ಗಂಡ ಮನೆಗೆ ಬರುತ್ತಾನೆ ಎಂಬುದೂ ನಿಜ. ಕೂರಲು ಒರಗುವ ಬೆಂಚು ಬೇಡ, ಬಿದ್ದ ಮರದ ದಿಮ್ಮಿ ಸಾಕು ಎಂದಳು. ದಿಮ್ಮಿಯ ಮೇಲೆ ನಮ್ಮಣ್ಣನಂಥ ಸೊಂಟನೋವಿನವನು ಎಷ್ಟು ಹೊತ್ತು ಕೂರಬಲ್ಲ? ಒಂದೊಂದು ಗೆರೆಗೂ ಊರಿಗೆ ಹೇಳುವ ಕಾರಣ ಒಂದಿತ್ತು, ಹೊಟ್ಟೆಯೊಳಗಿನ ಕಾರಣ ಒಂದಿತ್ತು, ಎರಡೂ ಸರಿಯಾಗಿದ್ದವು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮನಸ್ಸೇ ಬೇಕೆಂದು ಹೇಳಿದವರು ಯಾರೋ ನನಗೆ ಗೊತ್ತಿಲ್ಲ.

ಒಂದೇ ಒಂದು ನಿಯಮಕ್ಕೆ ಒಳಗಿನ ಕಾರಣ ಇರಲಿಲ್ಲ. ತೋಪಿಗೆ ನಲ್ಲಿ ಬೇಡ, ಪಂಪೂ ಬೇಡ ಎಂದಿದ್ದಳು. ಮೊದಲ ಎರಡು ಬೇಸಿಗೆ ಮನೆಯವರೇ ಕೊಳದಿಂದ ನೀರು ಹೊತ್ತು ತಮ್ಮ ಗಿಡಕ್ಕೆ ಹಾಕಬೇಕು.

"ಜನ ಬರ್ತಾರೇನಮ್ಮ ಅಷ್ಟು ಕಷ್ಟಪಟ್ಟು?" ಎಂದರು ಅಧ್ಯಕ್ಷರು.

"ಸುಮ್ನೆ ನಿಂತು ಹೋಗೋಕಾದ್ರೆ ಒಂದು ವರ್ಷ ಬರ್ತಾರೆ ಸರ್, ಆಮೇಲೆ ಮರೀತಾರೆ. ಕೈಗೆ ಕೆಲಸ ಇದ್ರೆ ಬಿಡೋಕಾಗಲ್ಲ. ನೀರು ಹೊತ್ತವರಿಗೆ ಆ ಗಿಡ ಅಂಟಿಕೊಳ್ಳುತ್ತೆ."

ಇದನ್ನು ಹೇಳುವಾಗ ಅವಳು ಕಪಾಟನ್ನು ಮರೆತಿದ್ದಳು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅವಳು ಮರೆತದ್ದು ಆ ಒಂದು ಗಳಿಗೆ ಮಾತ್ರ.

ಕೆಲಸ ಶುರುವಾಯಿತು. ಹಳ್ಳ ತಿದ್ದಲು ಜೆಸಿಬಿ ತಂದವನು ದಪ್ಪ ಮೀಸೆಯ, ನಗುಮುಖದ ಆಳು. ಸಂಜೆ ಹೊತ್ತಾದರೆ ಅವನೇ ತನ್ನ ಬೈಕಿನಲ್ಲಿ ಅತ್ತಿಗೆಯನ್ನು ಮನೆಗೆ ಬಿಡುತ್ತಿದ್ದ. ಅವಳು ಗೇಟಿನಲ್ಲಿ ನಿಂತು, ಮನೆಯೊಳಗೆ ಕೇಳುವ ಹಾಗೆ ನಕ್ಕು ಮಾತಾಡುತ್ತಿದ್ದಳು. ನಾನು ಮಾಳಿಗೆಯ ಕೋಣೆಯಿಂದ ನೋಡುತ್ತಿದ್ದೆ. ಅಣ್ಣ ಬೈಕು ನಿಲ್ಲುವ ಮೊದಲೇ ಬಾಗಿಲು ತೆರೆದಿರುತ್ತಿದ್ದ. "ಬಂದ್ಯಾ? ಕೈಕಾಲು ತೊಳ್ಕೋ" ಎಂದು ಒಳಗೆ ಹೋಗುತ್ತಿದ್ದ.

"ಒಂದು ಮಾತು ಕೇಳಲ್ಲ ಅಕ್ಕ ಆ ಮನುಷ್ಯ" ಎಂದಳು ಮರುದಿನ ಅಂಗಡಿಯಲ್ಲಿ. "ಯಾರು, ಎತ್ತ, ಯಾಕೆ ಇಷ್ಟು ತಡ, ಏನೂ ಇಲ್ಲ. ಅವಳನ್ನ ಯಾರಾದ್ರೂ ಹೀಗೆ ತಂದು ಬಿಟ್ಟಿದ್ರೆ ಸುಮ್ನಿರ್ತಿದ್ರಾ?"

ಇರುತ್ತಿರಲಿಲ್ಲ. ದೊಡ್ಡತ್ತಿಗೆಯ ಅಂಗಡಿಗೆ ನೂಲು ಕೊಡುತ್ತಿದ್ದ ವ್ಯಾಪಾರಿ ಒಂದೆರಡು ಉಂಡೆ ಹೆಚ್ಚಿಗೆ ಕೊಟ್ಟ ಎಂದು ಅಣ್ಣ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಅದನ್ನು ಅತ್ತಿಗೆಗೆ ಹೇಳಲಿಲ್ಲ. ಉರಿಯುವ ಒಲೆಗೆ ಎಣ್ಣೆ ಹೊಯ್ಯುವಷ್ಟು ಕೆಟ್ಟವಳಲ್ಲ ನಾನು.

ತೋಪು ಸಿದ್ಧವಾದಾಗ ಅಣ್ಣ ತಾನಾಗಿಯೇ ಕುಡಿಕೆ ಇಳಿಸಿದ. "ಇಲ್ಲಾದ್ರೆ ಸರಿ. ಇಲ್ಲಿಗೆ ಅವಳು ಬರ್ತಾಳೆ" ಎಂದ. ಹೂ ಬಿಡುವ ಗಿಡ ಇರಲಿ, ಕೊಳದ ಹತ್ತಿರ ಇರಲಿ ಎಂದು ಮೆಲ್ಲಗೆ ಕೇಳಿದ. ಕೊಳದ ದಂಡೆಯಲ್ಲಿ ಎರಡು ಗಿಡಕ್ಕೆ ಜಾಗ ಖಾಲಿ ಇತ್ತು, ನಕ್ಷೆಯಲ್ಲಿ ಎರಡು ವೃತ್ತ. ಅವು ಯಾರಿಗೆ ಎಂದು ನಾನು ಮೊದಲೇ ಕೇಳಿ ತಿಳಿದಿದ್ದೆ. ಒಂದು ಅತ್ತಿಗೆಗೆ, ಒಂದು ಅಣ್ಣನಿಗೆ, ಇಬ್ಬರೂ ಹೋದ ಮೇಲೆ.

"ಕೊಳದ ಹತ್ತಿರ ಜಾಗ ಇಲ್ಲ. ಆ ತುದಿಯಲ್ಲಿದೆ" ಎಂದಳು ಅತ್ತಿಗೆ. ಆ ತುದಿ ಎಂದರೆ ಹಳ್ಳದ ಮೇಲಂಚು, ಭಟ್ಟಿಯ ಬೆಂಕಿಗೆ ಬೆಂದು ಗಟ್ಟಿಯಾದ ನೆಲ, ಕೊಳಕ್ಕೆ ಎಲ್ಲಕ್ಕಿಂತ ದೂರ. "ಆ ಮಣ್ಣಿಗೆ ಹುಣಸೆ ಬಿಟ್ರೆ ಬೇರೆ ಯಾವ್ದೂ ನಿಲ್ಲಲ್ಲ" ಎಂದೂ ಹೇಳಿದಳು. ಅವಳು ಸುಳ್ಳು ಹೇಳಲಿಲ್ಲ. ಮಣ್ಣು ಅಂಥದ್ದೇ. ಹುಣಸೆ ನಿಧಾನಕ್ಕೆ ಬೆಳೆಯುತ್ತದೆ, ಅದರ ಹೂವು ಹುಡುಕಿದರೆ ಮಾತ್ರ ಕಾಣುತ್ತದೆ. ಅಷ್ಟು ದೂರ, ಅಷ್ಟು ಸಪ್ಪೆ ಗಿಡ ನೋಡಲು ಯಾವ ಗಂಡಸು ಎಷ್ಟು ದಿನ ಹೋಗುತ್ತಾನೆ ಎಂದು ಅವಳ ಲೆಕ್ಕ.

ಬೂದಿ ಬೆರೆಸುವುದನ್ನು ಅವಳೇ ಮಾಡಿದಳು, ಎಲ್ಲರ ಬೂದಿಯನ್ನೂ ಅವಳೇ ಬೆರೆಸುತ್ತಿದ್ದಳು. ನೀಲಿ ಬಟ್ಟೆ ಬಿಚ್ಚಿ, ಕುಡಿಕೆಯನ್ನು ಬಗ್ಗಿಸಿ, ಎಲೆಗೊಬ್ಬರದ ರಾಶಿಗೆ ಸುರಿದು ಎರಡೂ ಕೈ ಹಾಕಿ ಕಲಸಿದಳು. ಆರು ವರ್ಷ ತಲೆಯ ಮೇಲಿದ್ದವಳು ಈಗ ಬೆರಳ ಸಂದಿಯಲ್ಲಿದ್ದಳು.

"ಇಷ್ಟೇನಾ ಅಕ್ಕ?" ಎಂದಳು ನನ್ನ ಕಡೆ ನೋಡಿ. ಅವಳ ದನಿಯಲ್ಲಿ ಗೆಲುವು ಇರಲಿಲ್ಲ. ನಾನು ನೀರಿನ ತಂಬಿಗೆ ಮುಂದಕ್ಕೆ ಕೊಟ್ಟೆ.

ಮನೆಗೆ ಬಂದವಳೇ ಕಪಾಟಿನ ಮೇಲೆ ತನ್ನ ಸೂಟ್‌ಕೇಸ್ ಇಟ್ಟಳು. ತವರಿನಿಂದ ತಂದ ಆ ಸೂಟ್‌ಕೇಸಿಗೆ ಅಷ್ಟು ವರ್ಷ ಮಂಚದ ಕೆಳಗೇ ಜಾಗ.

ಅವಳ ನೆಮ್ಮದಿ ಮಳೆಗಾಲ ಮುಗಿಯುವವರೆಗೆ ಉಳಿಯಿತು. ಬೇಸಿಗೆ ಬಂತು, ನೀರಿನ ನಿಯಮ ಬಂತು. ಬೇರೆಯವರ ಗಿಡಗಳಿಗೆ ವಾರಕ್ಕೆರಡು ಸಲ ಹಾಕಿದರೆ ಸಾಕಾಗುತ್ತಿತ್ತು. ಮೇಲಂಚಿನ ಬೆಂದ ನೆಲದಲ್ಲಿ ನೀರು ನಿಲ್ಲದು, ಸಸಿಗೆ ದಿನವೂ ಬೇಕು. ಕೊಳ ದೂರ, ಹೊರುವುದು ಹೆಚ್ಚು. ಗಿಡ ನಿಧಾನದ್ದು, ಒಂದು ಹೊಸ ಎಲೆಗೆ ಕಾದು ಕೂರಬೇಕು. ಅಣ್ಣ ಸಂಜೆ ತನ್ನ ರಿಪೇರಿ ಅಂಗಡಿಯನ್ನು ಬೇಗ ಮುಚ್ಚಿ, ಎರಡು ಕ್ಯಾನು ಹಿಡಿದು, ದಿನ ತಪ್ಪದೆ ಹೋದ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದನ್ನು ಗಾದೆಯಲ್ಲಿ ಕೇಳಿದ್ದೆ, ನಮ್ಮ ಅತ್ತಿಗೆ ಅದನ್ನು ನಕ್ಷೆ ಹಾಕಿ ಮಾಡಿಕೊಂಡಿದ್ದಳು.

ನೀರು ಹೊತ್ತು ಹೊತ್ತು ಅಣ್ಣನ ಹೊಟ್ಟೆ ಕರಗಿತು. ಸೊಂಟನೋವು ಎಲ್ಲಿ ಹೋಯಿತೋ. ಚಪ್ಪಲಿಗೆ ಇಟ್ಟಿಗೆಯ ಕೆಂಪು ಪುಡಿ ಮೆತ್ತಿಕೊಂಡು ಮನೆಗೆ ಬಂದು, "ಇವತ್ತು ಒಂದು ಹೊಸ ಚಿಗುರು ಕಣೇ" ಎನ್ನುತ್ತಿದ್ದ. ಅತ್ತಿಗೆ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

"ಕಪಾಟಿನ ಮೇಲಿದ್ದಾಗ ಅವಳು ಏನೂ ಕೇಳ್ತಿರ್ಲಿಲ್ಲ ಅಕ್ಕ" ಎಂದಳು ನನ್ನ ಹತ್ತಿರ. "ಈಗ ದಿನಾ ನೀರು ಕೇಳ್ತಾಳೆ. ನಾನೇ ಬಾಯಿ ಕೊಟ್ಟೆ ಅವಳಿಗೆ."

ಎರಡನೆಯ ಬೇಸಿಗೆ ಏರುತ್ತಿದ್ದಾಗ ಅಣ್ಣನಿಗೆ ಬೇರೊಂದು ಊರಿನ ಗಾರ್ಮೆಂಟ್ಸಿನಿಂದ ಕರೆ ಬಂತು. ಯಂತ್ರಗಳನ್ನೆಲ್ಲ ಬಿಚ್ಚಿ ಸರಿ ಮಾಡಬೇಕು, ಕೆಲವು ವಾರ ಅಲ್ಲೇ ಇರಬೇಕು. ಹೊರಡುವ ಹಿಂದಿನ ದಿನ ಮಾಳಿಗೆ ಹತ್ತಿ ನನ್ನ ಕೋಣೆಗೆ ಬಂದ.

"ಗಿಡಕ್ಕೆ ನೀನು ನೀರು ಹಾಕು. ಅವಳಿಗೆ ಹೇಳ್ಬೇಡ" ಎಂದ.

"ತೋಪು ಮಾಡಿದವಳೇ ಅವಳು. ಅವಳಿಗೇ ಹೇಳೋದಲ್ವಾ?"

"ಬೇಡ. ಅವಳಿಗೆ ಅದು ಕಷ್ಟ."

ಇವನಿಗೆ ಏನೂ ತಿಳಿಯದು ಎಂದುಕೊಂಡಿದ್ದೆ, ಎಲ್ಲ ತಿಳಿದಿತ್ತು. ಆದರೆ ನನ್ನ ಮಂಡಿ ಆ ಇಳಿಜಾರನ್ನು ಎರಡು ದಿನ ಸಹಿಸಿತು, ಮೂರನೆಯ ದಿನ ಕೈಕೊಟ್ಟಿತು. ಮಾತಂತೂ ನನ್ನ ಹೊಟ್ಟೆಯಲ್ಲಿ ಯಾವತ್ತೂ ನಿಲ್ಲುವುದಿಲ್ಲ. ಅತ್ತಿಗೆಗೆ ಹೇಳಿಬಿಟ್ಟೆ.

ಅವಳು ಬಹಳ ಹೊತ್ತು ಟೇಪನ್ನು ಎಳೆಯುತ್ತಾ ಬಿಡುತ್ತಾ ಕೂತಳು. "ನಿಮಗೆ ಹೇಳಿದ್ರು. ನನಗೆ ಹೇಳ್ಲಿಲ್ಲ. ನಾನು ಅದನ್ನ ಸಾಯಿಸ್ತೀನಿ ಅಂದ್ಕೊಂಡ್ರಾ?"

"ನೀರು ಹಾಕದಿದ್ರೆ ಎಷ್ಟು ದಿನ ತಡೆಯುತ್ತೆ?"

"ಈ ಬಿಸಿಲಲ್ಲಿ ಒಂದು ವಾರ ಇರಲ್ಲ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಯಾರೂ ಏನೂ ಅನ್ನಲ್ಲ ಅಕ್ಕ. ಸಸಿ ಒಣಗೋದು ಎಲ್ಲ ಕಡೆ ಇದ್ದದ್ದೇ" ಎಂದಳು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನನಗೆ ಮೊದಲ ಸಲ ಅವಳ ಬಗ್ಗೆ ಹೆದರಿಕೆಯಾಯಿತು.

ಅವಳು ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ನಾನು ಕುಂಟುತ್ತಾದರೂ ಹೋಗೋಣವೆಂದು ಮೂರನೆಯ ದಿನ ಮಧ್ಯಾಹ್ನ ಅಂಗಡಿಯ ಶಟರ್ ಎಳೆಯುತ್ತಿದ್ದಾಗ ಅವಳು ಆಫೀಸಿನಿಂದ ಬಂದು, "ಬನ್ನಿ" ಎಂದಳು ಅಷ್ಟೇ.

ಸಸಿಯ ಎಲೆಗಳು ಅರ್ಧ ಉದುರಿದ್ದವು. ಉಳಿದವು ಮಡಚಿಕೊಂಡು ಜೋಲುತ್ತಿದ್ದವು. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಅದರ ಮುಂದೆ ನಿಂತಳು.

"ನಾಟಕ ಮಾಡ್ತಿದೀಯಾ?" ಎಂದಳು ಗಿಡಕ್ಕೆ. "ಎರಡು ದಿನಕ್ಕೇ ಹೀಗಾ? ನಾನು ಆರು ವರ್ಷ ತಡ್ಕೊಂಡಿಲ್ವಾ?"

ಆಮೇಲೆ ಕ್ಯಾನು ಎತ್ತಿಕೊಂಡು ಕೊಳಕ್ಕೆ ಇಳಿದಳು. ಹತ್ತಿ ಬಂದಾಗ ಸೆರಗು ಪೂರ್ತಿ ಒದ್ದೆಯಾಗಿತ್ತು. ಬುಡಕ್ಕೆ ಸುರಿಯುತ್ತಾ, "ಇದು ನಿನಗಲ್ಲ. ನನ್ನ ತೋಪಲ್ಲಿ ಒಂದು ಗಿಡ ಸತ್ತರೆ ನನ್ನ ಮರ್ಯಾದೆ ಹೋಗುತ್ತೆ, ಅದಕ್ಕೆ" ಎಂದಳು. ಮತ್ತೆ ಇಳಿದಳು, ಮತ್ತೆ ಹತ್ತಿದಳು. ನಾನು ದಿಮ್ಮಿಯ ಮೇಲೆ ಕೂತು ನೋಡಿದೆ. ಆ ದಿಮ್ಮಿಯ ಮೇಲೆ ಕೂರುವುದು ನಿಜಕ್ಕೂ ಬಹಳ ಕಷ್ಟ.

ಮರುದಿನದಿಂದ ನನ್ನನ್ನು ಕರೆಯಲಿಲ್ಲ. ಒಬ್ಬಳೇ ಹೋಗುತ್ತಿದ್ದಳು.

ಅಣ್ಣ ಬಂದವನೇ ತೋಪಿಗೆ ಓಡಿದ. ಹಿಂದಿರುಗಿ, "ಎಷ್ಟು ಚೆನ್ನಾಗಿ ನೋಡ್ಕೊಂಡಿದೀಯ. ನಿನ್ನ ಕೈಗುಣ ಒಳ್ಳೇದು" ಎಂದು ನನ್ನನ್ನು ಹೊಗಳಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಹೇಳಬೇಡಿ ಎಂದು ತಲೆಯಾಡಿಸಿದಳು. ಜೀವಮಾನದಲ್ಲಿ ಒಮ್ಮೆ ನಾನೂ ಬಾಯಿ ಮುಚ್ಚಿಕೊಂಡೆ. ಬೇರೆಯವಳು ಹೊತ್ತ ನೀರಿಗೆ ನನಗೆ ಹೊಗಳಿಕೆ ಸಿಕ್ಕಿತ್ತು, ಬಿಡುವುದೇಕೆ?

ಕೆಲವು ದಿನ ಕಳೆದ ಮೇಲೆ ಅಣ್ಣ ಮತ್ತೆ ಮಾಳಿಗೆ ಹತ್ತಿ ಬಂದ. ಕೂರದೆ ಅತ್ತಿಂದಿತ್ತ ಓಡಾಡಿದ.

"ನೀನು ಈಗಲೂ ಗಿಡಕ್ಕೆ ನೀರು ಹಾಕ್ತಿದೀಯಾ?"

"ಇಲ್ಲ." ಅದು ನಿಜವೇ.

"ನಾನು ಸಂಜೆ ಹೋಗೋ ಹೊತ್ತಿಗೆ ಬುಡ ಒದ್ದೆ ಇರುತ್ತೆ. ಕಳೆ ಕಿತ್ತಿರುತ್ತೆ. ನಿನ್ನೆ ಸುತ್ತ ಒಣ ಎಲೆ ಹಾಸಿತ್ತು. ಯಾರೋ ದಿನಾ ಬರ್ತಿದಾರೆ."

"ಬಂದ್ರೆ ಒಳ್ಳೇದಲ್ವಾ?"

"ಹೇಗೆ ಒಳ್ಳೇದು?" ಎಂದ, ಮುಖ ಕೆಂಪಾಯಿತು. "ಅವಳಿಗೆ ನೀರು ಹಾಕೋಕೆ ಅವನು ಯಾರು? ಆ ನೂಲಿನವನು ಈಗ ಎಲ್ಲಿದಾನೆ, ಊರಲ್ಲೇ ಇದಾನಾ?"

ನಗು ತಡೆಯಲು ನಾನು ಕಿಟಕಿಯ ಕಡೆ ತಿರುಗಬೇಕಾಯಿತು. ನಾಳೆ ಬೆಳಿಗ್ಗೆಯೇ ಹೋಗಿ ಹಿಡಿಯುತ್ತೇನೆ, ನೀನೂ ಬಾ ಎಂದ. ಮಂಡಿನೋವಿದ್ದರೂ ಒಪ್ಪಿದೆ. ಇಂಥದ್ದನ್ನು ನೋಡದೆ ಇರಲು ನನ್ನಿಂದಾಗದು.

ಹೋದೆವು. ಬಿಸಿಲು ಇನ್ನೂ ಎಳೆಯದಾಗಿತ್ತು. ಮೇಲಂಚಿನಲ್ಲಿ ಕ್ಯಾನು ಪಕ್ಕಕ್ಕಿಟ್ಟು, ಮೊಣಕಾಲೂರಿ, ಸೊಂಟದ ಟೇಪನ್ನು ಬುಡದಿಂದ ತುದಿಗೆ ಹಿಡಿದು ಗಿಡದ ಎತ್ತರ ಅಳೆಯುತ್ತಿದ್ದವಳು ಅತ್ತಿಗೆ. ನಮ್ಮ ಹೆಜ್ಜೆ ಕೇಳಿ ಟೇಪು ಕೈಯಿಂದ ಜಾರಿ ಸರ್ರನೆ ಒಳಗೆ ಹೋಯಿತು.

"ನೀನಾ" ಎಂದ ಅಣ್ಣ. ಅವನ ಹೆಗಲು ಇಳಿಯಿತು. "ನಾನು ಇನ್ಯಾರೋ ಅಂದ್ಕೊಂಡೆ."

"ಯಾರು ಅಂದ್ಕೊಂಡ್ರಿ?"

ಅವನು ಬೇರೆ ಕಡೆ ತಿರುಗಿದ. ಆ ಮಾತು ಹಾಗೇ ಹೋಗಬಾರದು ಎನಿಸಿ ನಾನು ಹೇಳಿದೆ: "ದೊಡ್ಡತ್ತಿಗೆಗೆ ನೂಲು ಕೊಡ್ತಿದ್ದನಲ್ಲ, ಅವನು ಅಂದ್ಕೊಂಡ."

ಅತ್ತಿಗೆ ಎದ್ದು ನಿಂತಳು. ಮೊಣಕಾಲಿನ ಮಣ್ಣು ಕೊಡವಿಕೊಳ್ಳಲೂ ಇಲ್ಲ.

"ಅವಳು ಸತ್ತು ಇಷ್ಟು ವರ್ಷ ಆಯ್ತು. ಈಗಲೂ ಅವಳ ವಿಷಯಕ್ಕೆ ನಿಮಗೆ ಹೊಟ್ಟೆ ಉರಿಯುತ್ತೆ" ಎಂದಳು. "ನನ್ನ ವಿಷಯಕ್ಕೆ? ಆ ಜೆಸಿಬಿಯವನ ಬೈಕಲ್ಲಿ ಬರ್ತಿದ್ದೆ. ಬೇಕು ಅಂತಲೇ ಗೇಟಲ್ಲಿ ನಿಂತು ನಗ್ತಿದ್ದೆ, ನಿಮಗೆ ಕೇಳ್ಲಿ ಅಂತ. ನನಗೇನೂ ನಗು ಬರ್ತಿರ್ಲಿಲ್ಲ. ನೀವು ಕೈಕಾಲು ತೊಳ್ಕೋ ಅಂದ್ರಿ. ಒಂದೇ ಒಂದು ದಿನ ಯಾರು ಅವನು ಅಂತ ಕೇಳಿದ್ರೆ ಈ ಗಿಡದ ಮೇಲೆ ನನಗೆ ಇಷ್ಟು ಸಿಟ್ಟಿರ್ತಿರ್ಲಿಲ್ಲ. ನಿಮ್ಮ ಉರಿಯೆಲ್ಲ ಅವಳಿಗೇ ಖರ್ಚಾಗಿಹೋಗಿದೆ. ನನಗೆ ಉಳಿದಿರೋದು ಬರೀ ಮರ್ಯಾದೆ."

ಅಣ್ಣ ತನ್ನ ಚಪ್ಪಲಿಯ ಕೆಂಪು ಪುಡಿ ನೋಡುತ್ತಾ ನಿಂತ. ಅವನಿಗೆ ಮಾತು ಹೊರಡಿಸಲು ಯಂತ್ರ ಬಿಚ್ಚಿ ಜೋಡಿಸುವಷ್ಟು ಹೊತ್ತು ಬೇಕು.

"ಆಗೆಲ್ಲ ನೀನು ಯಾವತ್ತಾದ್ರೂ ಬೆಲ್ ಒತ್ತಿದ್ದು ನೆನಪಿದೆಯಾ?" ಎಂದ ಕೊನೆಗೆ.

ಅವಳು ಯೋಚಿಸಿದಳು. "ಇಲ್ಲ. ಬಾಗಿಲು ತೆಗೆದೇ ಇರ್ತಿತ್ತು."

"ಹೇಗೆ ತೆಗೆದಿರ್ತಿತ್ತು? ಅಂಗಡಿ ಮುಚ್ಚಿ ಬಂದು ನಾನು ಬಾಗಿಲ ಹಿಂದೇನೇ ನಿಂತಿರ್ತಿದ್ದೆ. ಅವನ ಬೈಕು ತಿರುವಿಗೆ ಬಂದ್ರೆ ಚಿಲಕ ತೆಗೀತಿದ್ದೆ. ಅವನ ಎದುರು ನೀನು ಒಂದು ಗಳಿಗೆ ಹೆಚ್ಚು ನಿಲ್ಲಬಾರ್ದು ಅಂತ. ಆ ಬೈಕಿನ ಸದ್ದು ಈಗಲೂ ಕೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ."

"ಹಾಗಿದ್ರೆ ಯಾಕೆ ಒಂದು ಮಾತು ಕೇಳ್ಲಿಲ್ಲ?"

"ಕೇಳಿದ್ರೆ ನೀನು ನಾಳೆಯಿಂದ ಬೈಕು ಬೇಡ ಅಂತಿದ್ದೆ. ಅಷ್ಟು ದೂರ ನಡ್ಕೊಂಡು ಬರ್ಬೇಕಾಗ್ತಿತ್ತು."

ಮಾಳಿಗೆಯಿಂದ ಅಷ್ಟು ದಿನ ನೋಡಿದ ನನಗೂ ಅದು ಹೊಳೆದಿರಲಿಲ್ಲ. ತೆರೆದ ಬಾಗಿಲನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ, ಅವಳು ಉದಾಸೀನ ಎಂದುಕೊಂಡಿದ್ದಳು. ಅತ್ತಿಗೆ ಕ್ಯಾನಿನಲ್ಲಿ ಉಳಿದ ನೀರನ್ನು ಗಿಡಕ್ಕೆ ಹಾಕಲು ಹೋಗಿ ಅರ್ಧವನ್ನು ದಾರಿಗೆ ಚೆಲ್ಲಿದಳು.

"ಇನ್ನೊಂದು ಸಲ ಹೇಳಿ" ಎಂದಳು.

"ಏನು?"

"ಮೈ ಉರಿಯುತ್ತೆ ಅಂದ್ರಲ್ಲ, ಅದು."

ಅಣ್ಣ ಹೇಳಿದ. ಅವಳು ಗಿಡದ ಕಡೆ ತಿರುಗಿ, ಕೇಳಿಸಿತಾ ಎನ್ನುವ ಹಾಗೆ ನೋಡಿದಳು. ನನಗಾಗಿ ಬಾಗಿಲ ಹಿಂದೆ ನಿಂತವರು ಯಾರೂ ಇಲ್ಲ. ಅಲ್ಲಿ ನಿಂತು ನನ್ನ ಹೊಟ್ಟೆಯೂ ಚೆನ್ನಾಗಿಯೇ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮಂಡಿನೋವು ಎಂದು ಹೇಳಿ ಮುಂಚೆಯೇ ಹೊರಟುಬಿಟ್ಟೆ.

ಮುಂದಿನ ವಾರ ತೋಪಿನ ತಿದ್ದಿದ ನಕ್ಷೆ ಪ್ರತಿಗಾಗಿ ನನ್ನ ಅಂಗಡಿಗೆ ಬಂತು. ಕೊಳದ ದಂಡೆಯ ಎರಡು ವೃತ್ತಗಳನ್ನು ಅಳಿಸಿ ಊರಿನವರಿಗೆ ಬಿಟ್ಟುಕೊಟ್ಟಿದ್ದಳು. ಮೇಲಂಚಿನಲ್ಲಿ ಹುಣಸೆಯ ಪಕ್ಕ, ಸಾಕಷ್ಟು ದೂರ ಬಿಟ್ಟು, ಸಾಲಾಗಿ ಇನ್ನೆರಡು ವೃತ್ತ ಬರೆದಿದ್ದಳು.

"ಯಾಕೆ? ಕೊಳದ ಹತ್ತಿರ ತಂಪಾಗಿತ್ತಲ್ಲ" ಎಂದೆ.

"ಅವಳನ್ನ ಅಷ್ಟು ದೂರ ಒಬ್ಬಳನ್ನೇ ಬಿಡೋಕೆ ಮನಸ್ಸು ಬರಲ್ಲ ಅಕ್ಕ" ಎಂದಳು. ಅಣ್ಣ ಕುಡಿಕೆಯ ಬಗ್ಗೆ ಹೇಳುತ್ತಿದ್ದ ಮಾತು ಅವಳ ಬಾಯಲ್ಲಿ ಬಂದಿತ್ತು.

ನಾನು ಹಾಳೆಯನ್ನು ಯಂತ್ರದ ಗಾಜಿನ ಮೇಲೆ ಹಾಸಿದೆ. ಒಂದು ತುದಿಯಲ್ಲಿ ಹುಣಸೆ. ಇನ್ನೊಂದು ತುದಿಯ ವೃತ್ತದಲ್ಲಿ ಅಣ್ಣನ ಗುರುತಿಗೆ ಚಿಕ್ಕದೊಂದು ಸೂಜಿ ಬರೆದಿದ್ದಳು.

"ನಡುವೆ ಯಾರು?" ಎಂದು ಕೇಳಿದೆ.

ಅತ್ತಿಗೆ ಸ್ಟೂಲಿನಿಂದ ಎದ್ದು, ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಿಡೋಕೆ ಮನಸ್ಸು ಬರಲ್ಲ ಅಂದ್ರೆ, ಅವರಿಬ್ಬರನ್ನ ಪಕ್ಕಪಕ್ಕ ಕೂರಿಸ್ತೀನಿ ಅಂತಲ್ಲ" ಎಂದಳು.